ನಡುಗಡ್ಡೆಗೆ ಒಯ್ದ ಕಲ್ಲು

ನಮ್ಮ ಅತ್ತೆ ಭಾಗಮ್ಮ ಐದು ವರ್ಷ ಮಲಗಲಿಲ್ಲ. ನಿದ್ದೆ ಮಾಡುತ್ತಿದ್ದರು, ಆದರೆ ಕೂತು. ಪಡಸಾಲೆಯ ಕಂಬಕ್ಕೆ ಬೆನ್ನು ಕೊಟ್ಟು, ಕಾಲು ಮಡಚಿ, ಮೇಲೊಂದು ಕೌದಿ ಹೊದ್ದರೆಂದರೆ ಬೆಳಗಿನವರೆಗೂ ಹಾಗೇ. ಭಂಕೂರಿನ ಹೆಂಗಸರು ಬಾವಿಯ ಹತ್ತಿರ ನನ್ನನ್ನು ಚುಚ್ಚುತ್ತಿದ್ದರು. "ಯಾಕ ವಿಮಲಾಬಾಯಿ, ಅತ್ತಿಗಿ ಒಂದು ಹಾಸಗಿ ಸೈತ ಹಾಸಿ ಕೊಡಂಗಿಲ್ಲೇನು?" ನನಗೆ ಮೈಯೆಲ್ಲ ಉರಿದು ಹೋಗುತ್ತಿತ್ತು. ಹಾಸಿಗೆ ನಾನು ದಿನವೂ ಹಾಸುತ್ತಿದ್ದೆ. ಬೆಳಿಗ್ಗೆ ಅದು ಒಂದು ಸುಕ್ಕೂ ಇಲ್ಲದೆ ಹಾಸಿದ ಹಾಗೇ ಬಿದ್ದಿರುತ್ತಿತ್ತು. ಅದನ್ನೇ ಸುತ್ತಿ ಮೂಲೆಗೆ ಇಡುತ್ತಿದ್ದೆ.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಅತ್ತೆಯ ಕಿರಿಯ ಮಗ, ನನ್ನ ಮೈದುನ ಶಿವರಾಯ, ಕಾಗಿಣಾ ಹೊಳೆಯ ನಡುಗಡ್ಡೆಯಲ್ಲಿ ಮಣ್ಣಾಗಿದ್ದ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪೂಜೆಗೆ ಕೂತ ಹಾಗೆ ಕೂಡಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಮಣ್ಣು ಕೊಡುತ್ತೇವೆ. "ನನ್ನ ಮಗ ಅಲ್ಲಿ ಕುಂತಾನ. ನಾ ಇಲ್ಲಿ ಕಾಲ ಚಾಚಿ ಹ್ಯಾಂಗ ಮಲಗಲಿ?" ಎಂದು ಅತ್ತೆ ಒಮ್ಮೆ ಹೇಳಿದ್ದರು. ಆಮೇಲೆ ಯಾರೂ ಕೇಳಲಿಲ್ಲ. ಕೇಳದಿದ್ದರೂ ಅವರ ಕಾಲು ಹೇಳುತ್ತಿದ್ದವು. ಕೂತು ಕೂತು ಬಾತುಕೊಂಡು, ಬೆರಳಿನಿಂದ ಒತ್ತಿದರೆ ಕುಳಿ ಬೀಳುತ್ತಿತ್ತು. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ನಡೆಯುವುದೂ ನಿಂತೀತು, ರಾತ್ರಿ ಮಲಗಿಸಲೇಬೇಕು ಎಂದು ಶಹಾಬಾದಿನ ಡಾಕ್ಟರು ಖಡಾಖಂಡಿತ ಹೇಳಿದ್ದರು. ಅತ್ತೆ ಕೇಳಬೇಕಲ್ಲ.

ಶಿವರಾಯನ ಕಥೆ ದೊಡ್ಡದೇನಲ್ಲ. ನಿಜಾಮನ ರಜಾಕಾರರ ಗದ್ದಲದ ವರ್ಷ ಅವನು ಊರ ಮುಂದಿನ ಬೇವಿನ ಮರಕ್ಕೆ ತಿರಂಗಾ ಝಂಡಾ ಕಟ್ಟಿ ಬಂದ. ಕಟ್ಟಿದ ಮೇಲೆ ಸುಮ್ಮನಿರಬಾರದೆ? ಕಟ್ಟಿದವನು ನಾನೇ ಎಂದು ಹೇಳಿಕೊಂಡು ತಿರುಗಿದ. ಮೀಸೆ ಬಂದರೂ ಹುಡುಗಾಟ ಹೋಗಿರಲಿಲ್ಲ. ಅವನನ್ನು ಹಿಡಿಯಲು ಬರುತ್ತಾರೆಂದು ಸುದ್ದಿ ಬಂದಾಗ ನಾವು ಗಾಡಿ ಕಟ್ಟಿಕೊಂಡು ಸೊಲ್ಲಾಪುರದ ಕಡೆ ಓಡಿದೆವು. ಅವನು ಜೊತೆಗಿದ್ದರೆ ದಾರಿಯಲ್ಲಿ ಎಲ್ಲರಿಗೂ ಕುತ್ತು. ಅದಕ್ಕೆ ಅಂಬಿಗರ ಖಂಡಪ್ಪ ಅವನನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು, ತುಂಬಿದ ಹೊಳೆಯಲ್ಲಿ ನಡುಗಡ್ಡೆಗೆ ದಾಟಿಸಿದ. ಮಿಲಿಟರಿ ಬಂದು, ರಾಜ್ಯ ಬದಲಾಗಿ, ನಾವು ತಿರುಗಿ ಊರು ಸೇರುವಷ್ಟರಲ್ಲಿ ಶಿವರಾಯ ಜ್ವರ ಬಂದು ತೀರಿಕೊಂಡಿದ್ದ. ಖಂಡಪ್ಪ ಮತ್ತು ಅವನ ಹೆಂಡತಿ ಯಂಕಮ್ಮ ಇಬ್ಬರೇ ಸೇರಿ ಮಣ್ಣು ಮಾಡಿದ್ದರು.

ಅತ್ತೆ ಅವತ್ತು ಖಂಡಪ್ಪನನ್ನು ಕೇಳಿದ್ದು ಒಂದೇ ಮಾತು. "ಕೂಡಿಸೇ ಇಟ್ಟಿ ಹೌದಿಲ್ಲೋ?" ಖಂಡಪ್ಪ ಹೌದೆಂದು ತಲೆಯಾಡಿಸಿದ. ಅವತ್ತು ರಾತ್ರಿಯೇ ಅವರು ಕಂಬಕ್ಕೆ ಬೆನ್ನು ಕೊಟ್ಟು ಕೂತದ್ದು.

ಅಷ್ಟಾದರೂ ಅತ್ತೆ ನಡುಗಡ್ಡೆಗೆ ಒಮ್ಮೆಯೂ ಹೋಗಲಿಲ್ಲ, ನಮ್ಮನ್ನೂ ಹೋಗಗೊಡಲಿಲ್ಲ. ಬರಿಗೈಲಿ ಹೋಗಿ ಮಗನ ಮುಂದೆ ಏನೆಂದು ನಿಲ್ಲಲಿ, ಮೇಲೊಂದು ಕಲ್ಲಾದರೂ ಬೇಡವೆ ಎನ್ನುತ್ತಿದ್ದರು. ನಮ್ಮ ಮನೆಯವರದು, ಅಂದರೆ ನನ್ನ ಗಂಡನದು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ. ಗದ್ದಲದಲ್ಲಿ ಮುಚ್ಚಿದ್ದು ಮತ್ತೆ ನೆಟ್ಟಗೆ ಶುರುವಾಗಲು ಕಾಲ ಹಿಡಿಯಿತು. ಕೊನೆಗೆ ಒಂದು ಬಿರುಕಿಲ್ಲದ ನೀಲಿ ಪರಸಿ ಸಿಕ್ಕಿತು. ಅದನ್ನು ಎರಡು ಮೊಳ ಉದ್ದ, ಎರಡು ಮೊಳ ಅಗಲಕ್ಕೆ ಚೌಕಾಗಿ ಕಡಿಸಿ, ಅವರೇ ಕೂತು ತಿಕ್ಕಿ ನುಣುಪು ಮಾಡಿದರು. ಕೂತವನ ಮೇಲೆ ಇಡುವ ಕಲ್ಲು ಚೌಕವೇ ಇರಬೇಕು. "ಇಕಾ ಅವ್ವಾ, ಕಲ್ಲು ಆಯ್ತು. ಇದನ್ನ ಇಟ್ಟು ಬಂದ ಮ್ಯಾಲಾದ್ರೂ ಮಲಗತಿ ಹೌದಿಲ್ಲೋ?" ಎಂದು ಕೇಳಿದರು. "ಮದಲ ಇಡಮು, ಆಮ್ಯಾಲ ನೋಡಮು," ಎಂದರು ಅತ್ತೆ. ನಾನು ಆ ಕಲ್ಲಿಗೇ ಮನಸ್ಸಿನಲ್ಲಿ ಕೈ ಮುಗಿದೆ.

ಹೋಗಲು ಎಳ್ಳಮಾಸಿಯ, ಎಳ್ಳು ಅಮಾವಾಸ್ಯೆಯ, ದಿನ ಗೊತ್ತು ಮಾಡಿದೆವು. ಅವತ್ತು ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಬೆಳೆಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಉಂಡು, ಮಕ್ಕಳನ್ನು ಆಡಿಸಿ ಸಂಜೆಗೆ ಬರುವುದು. "ಈ ವರ್ಷ ನಾವು ಶಿವರಾಯನ ಹೊಲಕ್ಕ ಹೋಗಮು," ಎಂದರು ಅತ್ತೆ. ನಾನು ನಸುಕಿನಲ್ಲೇ ಎದ್ದು ಎಳ್ಳು ಹಚ್ಚಿ ಸಜ್ಜಿ ರೊಟ್ಟಿ ಬಡಿದೆ. ಭಜ್ಜಿ ಪಲ್ಯ, ಕಡುಬು, ಶೇಂಗಾದ ಹೋಳಿಗೆ, ಒಂದು ಗಡಿಗೆ ಅಂಬಲಿ ಮಾಡಿದೆ. ಅತ್ತೆ ಕಡುಬಿನ ಬುಟ್ಟಿಯನ್ನು ಎರಡು ಸಲ ಇಣುಕಿ ನೋಡಿದರು. ಶಿವರಾಯನಿಗೆ ಕಡುಬೆಂದರೆ ಪ್ರಾಣ. ಗಾಡಿಯಲ್ಲಿ ಕಲ್ಲಿನ ಕೆಳಗೆ ಹುಲ್ಲು ಹಾಸಿದೆವು, ಕಲ್ಲಿನ ಮೇಲೆ ನನ್ನ ಮಗಳು ಕೂತಳು. ಅವಳಿಗೆ ಸತ್ತ ಕಾಕನ ನೆನಪಿಲ್ಲ. ಹರಿಗೋಲಿನಲ್ಲಿ ಕೂಡುತ್ತೇನೆಂಬುದೊಂದೇ ಖುಷಿ. ಕಲ್ಲಿನ ಪೂಜೆಗೆಂದು ಜಂಗಮರ ಮಡಿವಾಳಯ್ಯನವರೂ ಜೊತೆಗೆ ಬಂದರು.

ಹೊಳೆ ಚಳಿಗಾಲದ್ದು, ತಿಳಿಯಾಗಿ ಸುಮ್ಮನೆ ಹರಿಯುತ್ತಿತ್ತು. ಖಂಡಪ್ಪ ಮೊದಲು ಕಲ್ಲನ್ನು ದಾಟಿಸಿ ಬಂದ, ಆಮೇಲೆ ನಮ್ಮನ್ನು. ಊಟಕ್ಕೆ ಮುಂದೆ ಇರುವ ಮಡಿವಾಳಯ್ಯನವರು ಹರಿಗೋಲಿಗೆ ಮಾತ್ರ ಹಿಂದೆ. ಕೊನೆಗೆ ಹತ್ತಿ, ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿ ಕೂತರು. ಮಗಳು ಕಿಲಕಿಲ ನಗುತ್ತ ನೀರಿಗೆ ಕೈ ಬಿಟ್ಟಳು. ಖಂಡಪ್ಪ ನಡು ಹೊಳೆಯಲ್ಲಿ ನಮ್ಮ ಮನೆಯವರನ್ನು ಕೇಳಿದ: "ಅಣ್ಣಾರ, ಕಲ್ಲ ಇಡಲಿಕ್ಕ ನೆಲ ಅಗೀಬೇಕೇನ್ರಿ?"

"ಮತ್ತ? ಮೊಳ ಆಳ ಅಗದು ಕೂಡಿಸಬೇಕು. ಇಲ್ದಿದ್ರ ಅಲುಗಾಡ್ತದ."

ಖಂಡಪ್ಪ ಮತ್ತೆ ಹುಟ್ಟು ಹಾಕತೊಡಗಿದ. ಅವನ ಮುಖ ನೋಡಿ ನನಗೇಕೋ ಸರಿಬರಲಿಲ್ಲ.

ನಡುಗಡ್ಡೆ ನಾನು ಎಣಿಸಿದಷ್ಟು ಕೆಟ್ಟದಾಗಿರಲಿಲ್ಲ. ಸುತ್ತ ಉಸುಕು, ಒಳಗೆ ಈಚಲ ಪೊದೆ, ನಡುವೆ ಎಂಥ ಹೊಳೆ ಬಂದರೂ ಮುಳುಗದ ಒಂದು ದಿಬ್ಬ, ದಿಬ್ಬದ ಮೇಲೆ ಹುಣಸೆ ಮರ. ಇಳಿಜಾರಿನಲ್ಲಿ ಖಂಡಪ್ಪ ಒಂದಿಷ್ಟು ಕಡಲೆ, ಬದನೆ ಹಾಕಿದ್ದ. ಯಂಕಮ್ಮ ಮರದ ಕೆಳಗೆ ನಿಂತಿದ್ದಳು. ನಮ್ಮನ್ನು ಕಂಡು ಸೆರಗು ತಲೆಗೆ ಎಳೆದುಕೊಂಡಳೇ ಹೊರತು ಎದುರು ಬರಲಿಲ್ಲ. ಅವಳ ಹಿಂದೆ ಹೊಳೆಯ ಗುಂಡುಕಲ್ಲು ಜೋಡಿಸಿದ ಜಾಗವಿತ್ತು. ಕಸ ಕಿತ್ತು, ಸಗಣಿ ಸಾರಿಸಿ ಅಚ್ಚುಕಟ್ಟಾಗಿ ಇಟ್ಟಿದ್ದರು. ತಲೆಯ ಕಡೆ ತುಳಸಿ ನೆಟ್ಟಿದ್ದರು.

ತಲೆಯ ಕಡೆ ಎಂದು ನನಗೆ ಹೊಳೆದದ್ದೇ ಆಗ. ಆ ಗುಂಡುಗಳ ಸಾಲು ಚೌಕಾಗಿರಲಿಲ್ಲ. ಉದ್ದಕ್ಕಿತ್ತು. ಒಬ್ಬ ಆಳಿನಷ್ಟು ಉದ್ದ. ಪಕ್ಕಕ್ಕೆ ನೋಡಿದೆ, ಅತ್ತೆಯೂ ಅದನ್ನೇ ನೋಡುತ್ತಿದ್ದರು.

"ಖಂಡಪ್ಪಾ," ಎಂದರು ಅತ್ತೆ. "ನನ್ನ ಮಗನ್ನ ಮಲಗಿಸೀದಿ?"

ಖಂಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಹೌದ್ರಿ ಅಮ್ಮಾರ."

"ನನ್ನ ಮುಂದ ತಲಿ ಆಡಿಸಿದ್ದಿ."

"ಆಡಿಸಿದ್ನಿರಿ. ನಿಮ್ಮ ಮಕ ನೋಡಿ ಬ್ಯಾರೆ ಹೇಳಲಿಕ್ಕ ಬಾಯಿ ಬರಲಿಲ್ಲ."

ಮಡಿವಾಳಯ್ಯನವರಿಗೆ ನೆಲ ಸಿಕ್ಕ ಕೂಡಲೇ ಧೈರ್ಯವೂ ಸಿಕ್ಕಿತ್ತು. "ಇದು ನಮ್ಮ ಪದ್ಧತಿ ಅಲ್ಲ. ನಿಮ್ಮ ಮಂದೀನ್ನ ಮಲಗಿಸಿದಂಗ ಮಲಗಿಸಿ ಬಿಟ್ಟಿ. ಇದರ ಮ್ಯಾಲ ನಾ ಹ್ಯಾಂಗ ಪೂಜಾ ಮಾಡಲಿ? ತಗದು ಕೂಡಿಸಬೇಕು, ಬ್ಯಾರೆ ಹಾದಿ ಇಲ್ಲ," ಎಂದರು. ನಮ್ಮ ಮನೆಯವರ ಮುಖ ಕೆಂಪಗಾಯಿತು. ಐದು ವರ್ಷ ಅವ್ವ ಕಂಬಕ್ಕೆ ಒರಗಿ ಕಳೆದ ರಾತ್ರಿಗಳೆಲ್ಲ ಅವರ ಕಣ್ಣ ಮುಂದೆ ಬಂದಿರಬೇಕು. ಕಲ್ಲಿಗೆಂದು ತಂದ ಗುದ್ದಲಿ ಕೈಗೆತ್ತಿಕೊಂಡು ಹೆಜ್ಜೆ ಹಾಕಿದರು. ನಾನು ಮಗಳ ಮುಖವನ್ನು ನನ್ನ ಸೆರಗಿನೊಳಗೆ ಒತ್ತಿಕೊಂಡೆ.

ಆಗ ಯಂಕಮ್ಮ ಬಂದು ಆ ಗುಂಡುಗಳ ಮುಂದೆ ನಿಂತಳು. "ಇವರದು ತಪ್ಪಿಲ್ರಿ ಅಣ್ಣಾರ. ಇವರು ಕೂಡಿಸಲಿಕ್ಕಂತೇ ಚೌಕ ಕುಣಿ ತೋಡಿದ್ರು. ಬ್ಯಾಡಂದಾಕಿ ನಾನು."

"ನೀನ್ಯಾರು ಬ್ಯಾಡ ಅನ್ನಾಕಿ?" ಎಂದರು ನಮ್ಮವರು.

ಯಂಕಮ್ಮ ಅತ್ತೆಯ ಕಡೆ ತಿರುಗಿದಳು. ನಾಲ್ಕು ಹೆಜ್ಜೆ ಆಚೆಗಿನ ಈಚಲ ಪೊದೆ ತೋರಿಸಿ ಹೇಳಿದಳು: "ಅಮ್ಮಾರ, ನಿಮ್ಮ ಮಗ ಅದರೊಳಗ ಇದ್ದ. ಹೊಳಿ ಎರಡೂ ದಂಡಿ ಮ್ಯಾಲ ಬಂದೂಕ ಹಿಡಕೊಂಡು ಮಂದಿ ತಿರಗತಿದ್ರು. ನಿಂತ್ರ ತಲಿ ಕಾಣತಿತ್ತು, ಮಲಗಿದ್ರ ಕಾಲು ಹೊರಗ ಬರತಿದ್ದವು. ಭಾಳ ಎತ್ತರದ ಹುಡುಗ ಅಲ್ರೀ. ಹಗಲೆಲ್ಲ ಮೊಣಕಾಲು ಎದಿಗಿ ಹಚಗೊಂಡು ಕುಂತೇ ಇರತಿದ್ದ. ರಾತ್ರಿ ಮಳಿ, ಕೆಳಗ ನೀರು, ಆವಾಗೂ ಕುಂತೇ. ಜ್ವರ ಬಂದ್ರೂ ಕುಂತೇ. ಆಖರೀಗಿ ಕಾಲು ಬಿಚ್ಚಲಿಕ್ಕ ಬರತಿದ್ದಿಲ್ಲ."

ಅತ್ತೆ ಆ ಪೊದೆಯ ಕಡೆ ನೋಡಿದರು.

"ನನ್ನ ಕೈಲಿ ಗಂಜಿ ಕುಡದು ಹೇಳ್ದ. ಯಂಕವ್ವಾ, ನನಗ ಮತ್ತೇನೂ ಬ್ಯಾಡ, ಒಮ್ಮಿ ಕಾಲ ಚಾಚಿ ಮಲಗಬೇಕು ಅಂದ. ನಾ ಅಂದ್ನಿ, ತಡಿಯಪ್ಪ, ಕತ್ತಲಾಗಲಿ, ದಿಬ್ಬದ ಮ್ಯಾಲ ಮಲಗಸ್ತೀನಿ ಅಂತ. ಕತ್ತಲಾಗೋ ಮದಲೇ ಹೋದ." ಯಂಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇವರು ನಿಮ್ಮ ಪದ್ಧತಿ ಅಂತ ಕೂಡಿಸಲಿಕ್ಕ ಹೋದ್ರು. ನನಗ ನೋಡಲಿಕ್ಕ ಆಗಲಿಲ್ರಿ. ಸತ್ತ ಮ್ಯಾಲೂ ಕುಂದರಸ್ತೀರೇನು ಅಂತ ಜಗಳಾಡಿದ್ನಿ. ಎಣ್ಣಿ ಹಚ್ಚಿ, ತಿಕ್ಕಿ ತಿಕ್ಕಿ ಕಾಲು ನೆಟ್ಟಗ ಮಾಡಿ ಮಲಗಿಸಿದ್ವಿ. ನನ್ನ ಕೌದಿ ಹಾಸೀನಿ ಕೆಳಗ. ತಪ್ಪಾಗಿದ್ರ ಕಾಲಾಗಿನ ಕೆರ ತಗೊಂಡು ನನಗ ಹೊಡೀರಿ. ಅವನ್ನ ಮಾತ್ರ ಎಬ್ಬಸಬ್ಯಾಡ್ರಿ."

ನಮ್ಮವರ ಕೈಯಲ್ಲಿ ಗುದ್ದಲಿ ಹಾಗೇ ಇತ್ತು. ಎಷ್ಟು ವರ್ಷ ಅತ್ತೆಯ ಮೇಲೆ ಒಳಗೊಳಗೇ ಸಿಡಿಮಿಡಿಗೊಂಡಿದ್ದೆನೋ, ಆ ಸಿಟ್ಟೆಲ್ಲ ಈಗ ಯಾರ ಮೇಲೆ ಹಾಕಲಿ ಎಂದು ತಿಳಿಯಲಿಲ್ಲ.

ಅತ್ತೆ ಖಂಡಪ್ಪನನ್ನು ಕೇಳಿದರು. "ಲಿಂಗ?"

"ಎಡಗೈಯಾಗ ಇಟ್ಟು ಮುಷ್ಟಿ ಮಾಡೀವ್ರಿ. ಮುಷ್ಟಿ ಎದಿ ಮ್ಯಾಲ ಅದ," ಎಂದ ಖಂಡಪ್ಪ.

ಅತ್ತೆ ಮೆಲ್ಲಗೆ ಆ ಗುಂಡುಗಳ ಹತ್ತಿರ ಹೋದರು. ತುಳಸಿಯಿಂದ ಶುರುಮಾಡಿ ಕಾಲಿನ ಕಡೆಯವರೆಗೂ ಬಗ್ಗಿಕೊಂಡೇ ಕೈಯಾಡಿಸುತ್ತ ನಡೆದರು. ತೊಟ್ಟಿಲ ಕೂಸಿಗೆ ಎಣ್ಣೆ ಹಚ್ಚುವಾಗ ತಾಯಂದಿರು ಹಾಗೆ ಕೈಯಾಡಿಸುತ್ತಾರೆ. ಕಾಲ ಕಡೆಯ ಕೊನೆಯ ಗುಂಡಿನ ಮೇಲೆ ಅವರ ಕೈ ನಿಂತಿತು.

"ಇಷ್ಟು ಉದ್ದ ಆಗಿದ್ದೇನೋ ನನ್ನಪ್ಪ," ಎಂದರು. ಆಮೇಲೆ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೊಲ್ಲಾಪುರದಿಂದ ಬಂದ ದಿನವೂ ಅತ್ತಿರಲಿಲ್ಲ.

ಮಡಿವಾಳಯ್ಯನವರು ಮೆತ್ತಗಿನ ದನಿಯಲ್ಲಿ, "ಭಾಗಮ್ಮಾ, ಶಾಸ್ತ್ರ..." ಎಂದು ಶುರು ಮಾಡಿದರು.

"ಅಯ್ಯನೋರ, ಅವ ಕುಂದ್ರೋದು ಮುಗಿಸ್ಯಾನ," ಎಂದರು ಅತ್ತೆ. "ಬದುಕಿದ್ದಾಗಲೇ ಕುಂತು ಮುಗಿಸ್ಯಾನ. ಮಲಗಲಿ." ಮಗನ ಕಡೆ ತಿರುಗಿ, "ಗುದ್ದಲಿ ಕೆಳಗಿಡು. ಆ ಕಲ್ಲು ತಲಿ ಕಡೆ ಇಡು, ತುಳಸಿ ಹಿಂದ," ಎಂದರು.

ಮಡಿವಾಳಯ್ಯನವರು ಜೋಳಿಗೆಯಿಂದ ವಿಭೂತಿ ತೆಗೆದು, ಯಾರೂ ಹೇಳದೆಯೇ, ತಲೆಯಿಂದ ಕಾಲಿನವರೆಗೂ ಹಾಕುತ್ತ ಹೋದರು. ಒಳ್ಳೆಯ ಮನುಷ್ಯ. ಅವರ ಬಗ್ಗೆ ನಾನು ಆಡಿದ್ದೆಲ್ಲ ಹರಿಗೋಲಿನ ಮಟ್ಟಿಗೆ ಮಾತ್ರ.

ಕಲ್ಲಿಟ್ಟ ಮೇಲೆ ಚರಗ ಚೆಲ್ಲಿದೆವು. ನಮ್ಮವರು ಮುಂದೆ ರೊಟ್ಟಿ, ಭಜ್ಜಿ ಕಲಸಿದ ಬುಟ್ಟಿ ಹಿಡಿದು ಕೂಗುತ್ತ ಬೀರಿದರು, ಹಿಂದೆ ಖಂಡಪ್ಪ ತಂಬಿಗೆಯಿಂದ ನೀರು ಹಾಕುತ್ತ ದನಿಗೂಡಿಸಿದ. ಖಂಡಪ್ಪನ ಕಡಲೆ ಹೊಲ ಸುತ್ತಿ, ಆಮೇಲೆ ಶಿವರಾಯನನ್ನೂ ಸುತ್ತಿ ಬಂದರು. ಅತ್ತೆ ಒಂದು ಕಡುಬು ಮುರಿದು ಕಲ್ಲಿನ ಮೇಲಿಟ್ಟರು, ಇನ್ನರ್ಧ ಯಂಕಮ್ಮನ ಕೈಗೆ ಕೊಟ್ಟರು. ಯಂಕಮ್ಮ ತಿನ್ನಲಾರದೆ ಬಹಳ ಹೊತ್ತು ಅದನ್ನು ಹಿಡಿದುಕೊಂಡೇ ಕೂತಿದ್ದಳು. ಎಲ್ಲರೂ ಹುಣಸೆಯ ನೆರಳಲ್ಲಿ ಒಟ್ಟಿಗೆ ಉಂಡೆವು. ಮಗಳು ಉಸುಕಿನಲ್ಲಿ ಮನೆ ಕಟ್ಟಿ ಆಡಿದಳು.

ಹೊತ್ತು ಇಳಿಯುವಾಗ ಹೊಳೆ ದಾಟಿ ಗಾಡಿ ಹತ್ತಿದೆವು. ಕಲ್ಲು ಇಲ್ಲದ ಗಾಡಿ ಹಗುರಾಗಿತ್ತು, ಹುಲ್ಲು ಹಾಸಿದ ಹಾಗೇ ಇತ್ತು. ನಾನು ಖಾಲಿ ಗಡಿಗೆ, ಬುಟ್ಟಿ ಒಳಗಿಟ್ಟು ತಿರುಗಿ ನೋಡುತ್ತೇನೆ, ಅತ್ತೆ ಎಂದಿನಂತೆ ಗಾಡಿಯ ಗೂಟಕ್ಕೆ ಒರಗಿ, ಮೊಣಕಾಲು ಮಡಚಿ ಕೂತಿದ್ದಾರೆ. ಕಲ್ಲಿಗೆ ಕೈ ಮುಗಿದದ್ದೂ ವ್ಯರ್ಥವಾಯಿತು ಅಂದುಕೊಂಡೆ. ಗಾಡಿ ಹೊರಟಿತು.

ಭಂಕೂರಿನ ದಾರಿಗೆ ತಿರುಗುವ ಹೊತ್ತಿಗೆ ನನ್ನ ಕಾಲಿಗೆ ಏನೋ ತಾಗಿತು. ಅತ್ತೆಯ ಪಾದ. ಅವರು ಮೆಲ್ಲಗೆ ಹುಲ್ಲಿನ ಮೇಲೆ ಜಾರಿ, ಒಂದು ಕಾಲು ಚಾಚಿದ್ದರು. ಆಮೇಲೆ ಇನ್ನೊಂದು. ಬಾತ ಮೊಣಕಾಲು ನೆಟ್ಟಗಾಗುವಾಗ ನೋವಿಗೆ ಹಲ್ಲು ಕಚ್ಚಿದರು. ನಾನು ಬುಟ್ಟಿ, ಗಡಿಗೆ ಎಲ್ಲ ನನ್ನ ಮಡಿಲಿಗೆ ಎಳೆದುಕೊಂಡು ಜಾಗ ಮಾಡಿದೆ. ಅವರ ಕಾಲು ನನ್ನ ಪಕ್ಕದಲ್ಲಿ ಉದ್ದಕ್ಕೆ ಬಂದವು. ಕೌದಿ ಬಿಡಿಸಿ ಹೊದಿಸಿದೆ.

"ಅವ್ವಾ, ಆಯಿ ಯಾಕ ಮಲಗ್ಯಾಳ?" ಎಂದಳು ಮಗಳು. ಅವಳು ಹುಟ್ಟಿ ಬುದ್ಧಿ ಬಂದ ಮೇಲೆ ಅಜ್ಜಿ ಮಲಗಿದ್ದನ್ನು ಕಂಡೇ ಇರಲಿಲ್ಲ.

ನಮ್ಮವರು ಮುಂದಿನಿಂದ ತಿರುಗಿ ನೋಡಿದರು. ನೋಡಿ, ಕಲ್ಲಿನ ದಾರಿಯಲ್ಲಿ ಗಾಡಿ ಕುಲುಕದಂತೆ ಎತ್ತುಗಳ ಹಗ್ಗ ಬಿಗಿಹಿಡಿದರು. ಅಲ್ಲಿಂದ ಊರಿನವರೆಗೂ ಗಾಡಿ ನಡಿಗೆಯಲ್ಲೇ ಹೋಯಿತು, ಅತ್ತೆಗೆ ಎಚ್ಚರವಾಗಲಿಲ್ಲ.