ಅಮೆರಿಕದ ಪ್ಲೇಟು, ಹೊರಗಿನ ಅಗುಳಿ

ಗುಬ್ಬಿಯ ವೆಂಕಟೇಶಯ್ಯನವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಒಂದು ತೆಂಗಿನಕಾಯನ್ನೂ ಅಟ್ಟದಿಂದ ಇಳಿಸಿದವರಲ್ಲ. ಕಡಬದ ತೋಟದ ಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಒಣಗಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎಂದರೆ ಸುಲಿಯುವುದು. ನೀರಿನ ಸದ್ದು ತುಸು ಬಂದರೂ ಮತ್ತೆ ಅಟ್ಟಕ್ಕೆ. ಮನುಷ್ಯರ ವಿಷಯದಲ್ಲೂ ಹಾಗೇ ಆಗಿದ್ದರು. ಅದು ಹುಟ್ಟಿನಿಂದ ಬಂದ ಗುಣವಲ್ಲ. ತಂಗಿ ತುಳಸಮ್ಮನನ್ನು ಕುಣಿಗಲ್ಲಿಗೆ ಕೊಟ್ಟಾಗ, ಜಾತಕ ಕೂಡಿತು, ದೊಡ್ಡ ಮನೆತನ ಎಂದು ಅವರಪ್ಪ ಯಾರನ್ನೂ ವಿಚಾರಿಸಲಿಲ್ಲ. ಗಂಡನಿಗೆ ಆಗಾಗ ಬುದ್ಧಿ ಕೆಡುತ್ತದೆ, ಆಗ ಹಿಂದಿನ ಕೋಣೆಗೆ ಕೂಡಿ ಹೊರಗಿನಿಂದ ಅಗುಳಿ ಹಾಕುತ್ತಾರೆ ಎಂಬುದು ಅವಳು ಮನೆ ತುಂಬಿದ ಮೇಲೆ ತಿಳಿಯಿತು. ವರ್ಷ ತುಂಬುವುದರೊಳಗೆ ಮುಂಗೈ ಮುರಿಸಿಕೊಂಡು ಬಂದವಳು ಅಣ್ಣನ ಮನೆಯಲ್ಲೇ ಉಳಿದಳು.

ಈಗ, ಎಪ್ಪತ್ತಾರನೆಯ ಇಸವಿಯಲ್ಲಿ, ಮಗಳು ಕೌಸಲ್ಯಳ ಸರದಿ. ಹುಡುಗ ತುಮಕೂರಿನ ಉಪ್ಪಾರಹಳ್ಳಿಯ ಪಟ್ಟಾಭಿರಾಮ, ಪಶುವೈದ್ಯ ಇಲಾಖೆಯಲ್ಲಿ ಗುಮಾಸ್ತ. ಮನೆಯಲ್ಲಿ ತಾಯಿ ಅಲಮೇಲಮ್ಮ ಬಿಟ್ಟರೆ ಮತ್ಯಾರೂ ಇಲ್ಲ. ಅವರು ಹೆಣ್ಣು ನೋಡಿ ಒಪ್ಪಿ ಹೋಗಿದ್ದರು. ಉತ್ತರ ಕೊಡುವ ಮುಂಚೆ ವೆಂಕಟೇಶಯ್ಯನವರು ಯಾರಿಗೂ ಹೇಳದೆ ಬಸ್ಸು ಹತ್ತಿ, ಬಾಡಿಗೆ ಮನೆ ಹುಡುಕುವವರಂತೆ ಆ ಬೀದಿಗೆ ಹೋಗಿ, ಎದುರಿಗಿದ್ದ ಸಿದ್ದಗಂಗಯ್ಯನ ಸೈಕಲ್ ಶಾಪಿನಲ್ಲಿ ಕೂತರು.

"ಹುಡುಗ ಒಳ್ಳೇವ್ನೇ ಸ್ವಾಮಿ," ಎಂದ ಸಿದ್ದಗಂಗಯ್ಯ. "ತಲೆ ಎತ್ತಿ ನೋಡಕಿಲ್ಲ. ಗುರುವಾರ ಸಾಯಂಕಾಲ ಒಂದು ಬುಟ್ರೆ."

"ಗುರುವಾರ ಏನು?"

"ಇವತ್ತು ಗುರುವಾರಾನೇ ಅಲ್ವಾ? ಕೂತ್ಕಂಡು ನೀವೇ ಕೇಳಿ. ಎದುರು ಮನೆ ವಿಷ್ಯ, ನಾನ್ಯಾಕೆ ಹೇಳ್ಲಿ."

ಹೊತ್ತು ಇಳಿಯುವಾಗ ಅಲಮೇಲಮ್ಮ ಹೂವಿನ ಬುಟ್ಟಿ ಹಿಡಿದು ಹೊರಗೆ ಬಂದು ಪಕ್ಕದ ಮನೆಯ ಜಗಲಿಯಲ್ಲಿ ಕೂತರು. ಹಿಂದೆಯೇ ಬಾಗಿಲು ಮುಚ್ಚಿತು, ಕಿಟಕಿಗಳೂ ಮುಚ್ಚಿದವು. ಸ್ವಲ್ಪ ಹೊತ್ತಿಗೆ ಒಳಗಿಂದ ಅಟ್ಟದ ಮೇಲಿಂದ ಹಂಡೆ ಉರುಳಿದಂತೆ ಗುಡುಗುಡು ಸದ್ದು, ಯಾರೋ ಕೂಗಾಡಿದಂತೆ ಕಹಳೆಯ ಅಬ್ಬರ. ಎಲ್ಲ ಒಮ್ಮೆಲೇ ನಿಂತು, ಆಮೇಲೆ ಒಂದು ಅಳು. ಸಣ್ಣಗೆ, ಎಳೆದೆಳೆದು, ಉಸಿರು ಸಿಕ್ಕಿಕೊಂಡು ಮತ್ತೆ ಶುರುವಾಗುವ ಅಳು. ಅಲಮೇಲಮ್ಮ ತಲೆ ಎತ್ತದೆ ಹೂ ಕಟ್ಟುತ್ತಲೇ ಇದ್ದರು. ವೆಂಕಟೇಶಯ್ಯನವರನ್ನು ಎಲ್ಲಕ್ಕಿಂತ ಹೆದರಿಸಿದ್ದು ಆ ರೂಢಿಯಾದ ಶಾಂತಿ. ಪೂರ್ತಿ ಕೇಳಲಾರದೆ ಎದ್ದು ಬಸ್ ಸ್ಟ್ಯಾಂಡಿಗೆ ನಡೆದರು.

ಮನೆಯಲ್ಲಿ ತುಳಸಮ್ಮನಿಗೆ ಮಾತ್ರ ಹೇಳಿದರು. ಅವಳು ಬತ್ತಿ ಹೊಸೆಯುವುದನ್ನು ನಿಲ್ಲಿಸಿ, "ಕದ ಹಾಕೋದು ಒಳಗಿಂದಾನಾ, ಹೊರಗಿಂದಾನಾ ಅಣ್ಣ?" ಎಂದು ಕೇಳಿದಳು.

ಅದನ್ನು ಅವರು ನೋಡಿರಲಿಲ್ಲ.

"ಮೊದ್ಲು ಅದನ್ನ ನೋಡ್ಕೊಂಡು ಬಾ."

ಮುಂದಿನ ಗುರುವಾರ ಅವರು ಮುಂಬಾಗಿಲಿಗೇ ಹೋದರು. ಅಲಮೇಲಮ್ಮ ಗಾಬರಿಯಿಂದ ಕಾಫಿ ತಂದರು. ನಡುಮನೆಯ ಮೇಜಿನ ಮೇಲೆ ಹಳೇ ಸೀರೆ ಹೊದಿಸಿದ ಪೆಟ್ಟಿಗೆಯಂಥದೊಂದು ಇತ್ತು. ಅದೇನೆಂದು ಕೇಳಿದ್ದಕ್ಕೆ ಹೊಲಿಗೆ ಮಿಷನ್ನು ಎಂದರು. ಮಿಷನ್ನಿಗೆ ಚಕ್ರ ಇರಬೇಕಲ್ಲ, ಸೀರೆ ಎಲ್ಲಿಯೂ ಉಬ್ಬಿರಲಿಲ್ಲ. ವೆಂಕಟೇಶಯ್ಯನವರು ಕಾಫಿ ಕುಡಿಯುತ್ತಲೇ ಬಾಗಿಲು ನೋಡಿದರು. ಒಳಗಿನ ಚಿಲಕ ಕೈ ತಾಗಿ ತಾಗಿ ಮಿರುಗುತ್ತಿತ್ತು. ಹೊರಗಿನ ಅಗುಳಿಗೆ ಬಣ್ಣ ಮೆತ್ತಿ ಅಲ್ಲಾಡದಂತಾಗಿತ್ತು. ಅರ್ಧ ಸಮಾಧಾನವಾಯಿತು. ಹಾಗಾದರೆ ಈ ಸುಳ್ಳು ಯಾಕೆ?

ಕಚೇರಿಯಿಂದ ಬಂದ ಪಟ್ಟಾಭಿರಾಮ ತಾಯಿಯ ಮುಖ ನೋಡಿ, ತಾನೇ ಸೀರೆ ತೆಗೆದ. ಅದು ರೆಕಾರ್ಡ್ ಪ್ಲೇಯರ್. ಕೋಳಿ ಸಾಕಣೆ ಕಲಿಸಲು ಬಂದಿದ್ದ ಒಬ್ಬ ಅಮೆರಿಕದವನು ಊರಿಗೆ ಹೋಗುವಾಗ ಅದನ್ನೂ ಒಂದು ಪೆಟ್ಟಿಗೆ ಪ್ಲೇಟುಗಳನ್ನೂ ಕೊಟ್ಟು ಹೋಗಿದ್ದನಂತೆ. ಎಲ್ಲ ಈ ಶತಮಾನದಲ್ಲಿ ಅವರ ದೇಶದವರೇ ಕಟ್ಟಿದ, ಹತ್ತಾರು ವಾದ್ಯಗಳನ್ನು ಒಟ್ಟಿಗೆ ನುಡಿಸುವ ಸಿಂಫನಿಗಳು. ಮೊದಮೊದಲು ತನಗೂ ಗಲಾಟೆ ಎನಿಸಿತ್ತು, ಕೇಳುತ್ತಾ ಕೇಳುತ್ತಾ ಬಿಡಲಾಗದಂತಾಯಿತು, ಅಮ್ಮನಿಗೆ ಆಗದ್ದರಿಂದ ವಾರಕ್ಕೊಮ್ಮೆ, ಗುರುವಾರ ಮಾತ್ರ ಹಾಕುವುದು ಎಂದ. ಹೋದ ವರ್ಷ ಹೆಣ್ಣು ಕೊಡಲು ಬಂದ ಒಬ್ಬರು ಇದನ್ನು ಕೇಳಿ ಹಾಗೇ ಹಿಂದಿರುಗಿದ್ದರಂತೆ. ಅಂದಿನಿಂದ ಅಲಮೇಲಮ್ಮ ಸೀರೆ ಹೊದಿಸುತ್ತಿದ್ದರು.

ವೆಂಕಟೇಶಯ್ಯನವರು ಹಾಕಿ ಎಂದರು. ಗುಡುಗುಡು ಬಂತು, ಕಹಳೆ ಬಂತು, ನಿಂತಿತು. ನಾಗಸ್ವರದ ತಮ್ಮನಂಥ ಯಾವುದೋ ವಾದ್ಯ ಅಳತೊಡಗಿತು. ಅವರ ಮುಖ ಗಂಟಿಕ್ಕಿತು.

"ನಾನು ಅವತ್ತು ಕೇಳಿದ್ದು ಇದಲ್ಲ. ಆ ಅಳು ಇನ್ನೂ ನಿಧಾನ ಇತ್ತು."

"ಅವತ್ತು ಅಂದ್ರೆ?" ಎಂದ ಪಟ್ಟಾಭಿರಾಮ.

ಅಲಮೇಲಮ್ಮ ಕಣ್ಣು ಕಿರಿದು ಮಾಡಿ ನೋಡಿದರು. "ಬಾಡಿಗೆ ಮನೆ ಹುಡುಕ್ತಾ ಸೈಕಲ್ ಶಾಪಲ್ಲಿ ಕೂತಿದ್ದೋರು ನೀವೇನಾ?"

ವೆಂಕಟೇಶಯ್ಯನವರು ಕಾಫಿ ಲೋಟದೊಳಗೆ ನೋಡಿದರು. ಹುಡುಗನಿಗೆ ಮಾತ್ರ ಕೋಪ ಬರಲಿಲ್ಲ. ಮುಖ ಅರಳಿಸಿಕೊಂಡು ಇನ್ನೊಂದು ಪ್ಲೇಟು ತಂದ. "ಸಿಂಫನಿ ಅದೇನೇ, ನುಡಿಸಿದೋರು ಬೇರೆ. ಇವರು ಇಲ್ಲಿ ಅವಸರ ಮಾಡ್ತಾರೆ, ಅವರು ಮಾಡೋಲ್ಲ. ನಮ್ಮಮ್ಮಂಗೆ ಎಷ್ಟು ಹೇಳಿದ್ರೂ ಎರಡೂ ಒಂದೇ."

"ಎರಡೂ ತಲೆನೋವೇ," ಎಂದರು ಅಲಮೇಲಮ್ಮ.

ವೆಂಕಟೇಶಯ್ಯನವರಿಗೆ ಅಷ್ಟು ಸುಲಭಕ್ಕೆ ನಂಬಿಕೆ ಬರುವಂತಿರಲಿಲ್ಲ. ಒಳಗೆ ಇನ್ನೊಂದು ಕೋಣೆ ಇತ್ತು; ಎದ್ದು ಹೋಗಿ ಇಣುಕಿದರು, ಅಲ್ಲಿ ಯಾರೂ ಇರಲಿಲ್ಲ. "ಹಾಕಿ, ಕದ ಮುಚ್ಚಿ, ಆಚೆ ಬನ್ನಿ," ಎಂದರು. "ಇಬ್ಬರೂ ನನ್ನ ಪಕ್ಕ ನಿಂತ್ಕೊಳ್ಳಿ."

ಮೂವರೂ ಬೀದಿಯಲ್ಲಿ ನಿಂತರು. ಸಿದ್ದಗಂಗಯ್ಯ ಪಂಚರ್ ಹಾಕುವುದನ್ನು ಬಿಟ್ಟು ನೋಡುತ್ತಿದ್ದ. ಯಾರೂ ಇಲ್ಲದ ಮನೆ ಗುಡುಗಿತು, ಕೂಗಿತು, ಸುಮ್ಮನಾಗಿ ಅಳತೊಡಗಿತು. ಅದೇ ಎಳೆತ, ಅದೇ ಉಸಿರು ಸಿಕ್ಕಿಕೊಳ್ಳುವುದು. ಈ ಸಲ ಅವರು ಅರ್ಧಕ್ಕೆ ಬಿಟ್ಟು ಹೋಗಲಿಲ್ಲ. ಹಾಗಾಗಿ ಮುಂದಿನದೂ ಕೇಳಿಸಿತು. ಅಳುವಿನ ಕೆಳಗೆ ಪಿಟೀಲುಗಳು ಎಲ್ಲಿಂದಲೋ ಮೆಲ್ಲಗೆ ಬಂದವು. ಯಾರೋ ಬಂದು ಬೆನ್ನ ಮೇಲೆ ಕೈಯಿಟ್ಟು, ಏನೂ ಕೇಳದೆ ಪಕ್ಕದಲ್ಲಿ ಕೂತಂತೆ. ಅಳು ನಿಂತಿದ್ದು ಯಾವಾಗ ಎಂದು ಅವರಿಗೆ ಗೊತ್ತಾಗಲಿಲ್ಲ.

ಆದರೂ ಅವರು ಒಪ್ಪಿಗೆ ಹೇಳಲಿಲ್ಲ. ಮರುವಾರ ಕೌಸಲ್ಯಳನ್ನೂ ತುಳಸಮ್ಮನನ್ನೂ ಕರೆತಂದು ಎರಡು ಪ್ಲೇಟನ್ನೂ ಹಾಕಿಸಿದರು. ಕೌಸಲ್ಯ ತಲೆ ತಗ್ಗಿಸಿಕೊಂಡೇ, ನಿಧಾನದ್ದು ಚೆನ್ನಾಗಿದೆ ಎಂದಳು. ತುಳಸಮ್ಮ ಗುಡುಗು ಬಂದಾಗ ಎದ್ದಳು. ನೆಟ್ಟಗೆ ಬಾಗಿಲಿಗೆ ಹೋಗಿ ಒಳಗಿನ ಚಿಲಕ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಬಾಗಿಲನ್ನು ಪೂರಾ ತೆರೆದಿಟ್ಟು ಬಂದು ಕೂತಳು. ಪಿಟೀಲು ಮುಗಿಯುವವರೆಗೆ ತನ್ನ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಬಸ್ಸು ತುಮಕೂರು ದಾಟಿದ ಮೇಲೆ ಮಾತಾಡಿದಳು. "ಕೊಡು ಅಣ್ಣ. ಆದ್ರೆ ಲಗ್ನಕ್ಕೆ ಮುಂಚೆ ಆ ಹೊರಗಿನ ಅಗುಳಿ ಕೀಳಿಸ್ಬಿಡು."

"ಅದು ಬಣ್ಣ ಮೆತ್ತಿ ಅಲ್ಲಾಡೋದೇ ಇಲ್ಲ ಕಣೇ."

"ಇರ್ಲಿ. ಕೀಳಿಸ್ಬಿಡು."