ಸೋಮವಾರದ ಎತ್ತುಗಳು

ಘೋಡಗೇರಿಯ ನಮ್ಮ ಶಾಲೆಯಲ್ಲಿ ಕಾಶೆವ್ವನಿಗೆ ಆ ಸೋಮವಾರವೇ ಕೊನೆಯ ದಿನ. ಮಂಗಳವಾರದಿಂದ, ತಾನು ಹೊಲಕ್ಕೆ ನೀರು ಹಾಯಿಸುವಾಗ, ಅವಳು ಬಾವಿಯ ಮೇಲೆ ಎತ್ತು ಹೊಡೆಯಬೇಕೆಂದು ಅಪ್ಪ ಲಕ್ಕಪ್ಪನ ಅಪ್ಪಣೆಯಾಗಿತ್ತು. ಸೋಮವಾರ ಬಸವಣ್ಣನ ವಾರ, ಊರಲ್ಲಿ ಯಾರೂ ಎತ್ತಿನ ಕೊರಳಿಗೆ ನೊಗ ಇಡುವುದಿಲ್ಲ. ಹಾಗಾಗಿ ಹುಡುಗಿಗೆ ಒಂದು ದಿನ ಹೆಚ್ಚು ಸಿಕ್ಕಿತ್ತು. ಲಕ್ಕಪ್ಪ ಕೆಟ್ಟವನೇನಲ್ಲ, ತಾನು ಹೇಳಿದ್ದೇ ಖರೆ ಎನ್ನುವ ಆಸಾಮಿ.

ಪೇಟೆಯಲ್ಲಿ ಬೆಳೆದ ನಮ್ಮ ಹೊಸ ಕೇದಾರಿ ಮಾಸ್ತರರಿಗೆ ಈ ವಾರದ ಕಟ್ಟಳೆ ಗೊತ್ತಿರಲಿಲ್ಲ. ಗೋಕಾಕದಿಂದ ಬೇವು, ಹುಣಸೆಯ ಸಸಿ ತರಿಸಿ, ಸೋಮವಾರವೇ ನೆಡುವುದೆಂದು ಸಾರಿಬಿಟ್ಟಿದ್ದರು. ನೆಟ್ಟವರೇ ಗಿಡ ಸಾಕಬೇಕು, ಶಾಲೆ ಬಿಟ್ಟರೆ ಆ ಗಿಡ ಮತ್ತೊಬ್ಬರಿಗೆ ಎಂಬುದು ಅವರ ಕಾಯಿದೆ. ಅದನ್ನು ಕೇಳಿಯೂ ಕಾಶೆವ್ವ ಎಲ್ಲರಿಗಿಂತ ಆಳವಾಗಿ ಗುಣಿ ತೋಡಿ ಬೇವು ನೆಟ್ಟಳು.

ನೆಟ್ಟ ಮೇಲೆ ನೀರಿನ ನೆನಪಾಯಿತು. ಮಳೆ ಮುಖ ತೋರಿಸಿ ಮಾಯವಾಗಿತ್ತು, ಹೊಳೆ ದೂರ. ಶಾಲೆಯ ಪಕ್ಕದಲ್ಲೇ ಲಕ್ಕಪ್ಪನ ಬಾವಿಯಿತ್ತು, ಆದರೆ ಆ ಆಳದಿಂದ ತೊಗಲಿನ ದೊಡ್ಡ ಚೀಲವಾದ ಮಟ್ಟಿಯಲ್ಲಿ ನೀರೆಳೆಯಲು ಎತ್ತು ಬೇಕು. ಸಸಿಗಳು ಬಿಸಿಲಿಗೆ ಆಗಲೇ ಜೋತುಬಿದ್ದಿದ್ದವು. ಮಾಸ್ತರರು ನಮ್ಮನ್ನೆಲ್ಲ ಕರೆದುಕೊಂಡು ಬಾವಿಗೆ ಹೋಗಿ ಎತ್ತು ಕೇಳಿದರು.

"ಸೋಮಾರ ಎತ್ತ ಹೂಡಂಗಿಲ್ರಿ ಮಾಸ್ತರ. ನಾಳೆ ನೋಡೂನು" ಎಂದ ಲಕ್ಕಪ್ಪ.

"ನಾಳೆ ಅನ್ನೂದ್ರಾಗ ಒಣಗ್ತಾವ್ರಿ" ಎಂದರು ಮಾಸ್ತರರು.

ಕಾಶೆವ್ವ ನಡುವೆ ಬಾಯಿ ಹಾಕಿದಳು. "ಯಪ್ಪಾ, ಸೂಟಿ ಎತ್ತಿಗೆ ಐತಿ. ನಮಗೆಲ್ಲೈತಿ?"

ಅವಳ ಮಾತು ಮುಗಿಯುವಷ್ಟರಲ್ಲಿ ಇಡೀ ಶಾಲೆ ಹಗ್ಗ ಹಿಡಿದಿತ್ತು. ಕಾಶೆವ್ವ ಹಿಂದೆ ನಿಂತು, ಎತ್ತಿಗೆ ಹಾಕುವ ದನಿಯಲ್ಲೇ "ನಡಿ ನನ್ನ ಬಸವಾ" ಎಂದು ನಮ್ಮನ್ನು ಹೊಡೆದಳು. ಮಾಸ್ತರರೂ ಧೋತರ ಎತ್ತಿ ಕಟ್ಟಿ ನಮ್ಮ ಜೊತೆ ಎತ್ತಾದರು. ಎತ್ತು ನಡೆಯುವ ಇಳಿಜಾರಿನ ಅರ್ಧಕ್ಕೆ ಬರುವಷ್ಟರಲ್ಲಿ ಮಟ್ಟಿಯ ಭಾರಕ್ಕೆ ಹಿಂದಕ್ಕೆ ಜಾರಿ ಒಬ್ಬರ ಮೇಲೊಬ್ಬರು ಬಿದ್ದೆವು. ಬಿದ್ದಲ್ಲೇ ನಕ್ಕೆವು.

"ಬಾವ್ಯಾಗ ಬೀಳ್ತೀರಿ, ತಡೀರಿ" ಎನ್ನುತ್ತ ಲಕ್ಕಪ್ಪ ಓಡಿಬಂದು ಹಗ್ಗ ಹಿಡಿದ. ಹಿಡಿದವನು ಬಿಡಲಿಲ್ಲ. ಮುಂದೆ ಅವನು, ಹಿಂದೆ ನಾವು. ಮಟ್ಟಿ ಮೇಲೆ ಬಂದು ಭೋರೆಂದು ನೀರು ಸುರಿದಾಗ ನಾವು ಹಾಕಿದ ಕೇಕೆ ಊರಿಗೆಲ್ಲ ಕೇಳಿತು. ಮತ್ತೆ ಮತ್ತೆ ಎಳೆದೆವು. "ಯಪ್ಪಾ, ಎಡಕ್ಕ ಸರಿ" ಎಂದು ಮಗಳು ಗದರಿದರೆ ಲಕ್ಕಪ್ಪ ನಗುತ್ತ ಸರಿಯುತ್ತಿದ್ದ. ಬಾವಿಯಿಂದ ಶಾಲೆಯತ್ತ ಹರಿದ ಕಾಲುವೆಯ ನೀರು ಒಂದೊಂದೇ ಗುಣಿ ತುಂಬುತ್ತ ಹೋಗಿ ಕೊನೆಗೆ ಕಾಶೆವ್ವನ ಬೇವಿಗೆ ಬಂತು.

ಲಕ್ಕಪ್ಪ ಬೆವರು ಒರೆಸಿಕೊಳ್ಳುತ್ತ ಅದರ ಮುಂದೆ ಕುಳಿತ. "ಇದು ಯಾರದ?"

"ನಂದು. ಸಾಲಿ ಬಿಟ್ಟರ ಮತ್ತೊಬ್ಬರಿಗೆ ಕೊಡ್ತಾರ" ಎಂದಳು ಕಾಶೆವ್ವ, ನೆಲ ನೋಡುತ್ತ.

ಲಕ್ಕಪ್ಪನಿಗೆ ಸಿಟ್ಟು ಬಂತು. "ನಾ ಎತ್ತಾಗಿ ನೀರ ಎಳದಿದ್ದು ಮಂದಿ ಗಿಡಕ್ಕೇನ?" ಎಂದ. ಆಮೇಲೆ ಮಗಳ ಅಂಗೈಯ ಮಣ್ಣು ಒರೆಸಿದ. "ನಾಳೆ ಎತ್ತ ನಾನ ಹೊಡಿತೇನಿ. ನೀ ಸಾಲಿಗೆ ಹೋಗು."

ಮರುದಿನ ಕಾಶೆವ್ವ ಎಲ್ಲರಿಗಿಂತ ಮೊದಲು ಬಂದು ಗಿಡದ ಮುಂದೆ ಕೂತಿದ್ದಳು. ಅತ್ತ ಬಾವಿಗೂ ಹೊಲಕ್ಕೂ ಒಬ್ಬನೇ ಓಡಾಡುತ್ತ ಲಕ್ಕಪ್ಪ ಎತ್ತುಗಳಿಗೆ ಕೂಗುವುದು ಕೇಳುತ್ತಿತ್ತು.