ನಿಲ್ಲದ ಕನ್ನಡಿ ಲೇಪ

ಸೊಸೆ ಅಡುಗೆಮನೆಯ ಮೂರನೇ ಡ್ರಾಯರನ್ನೂ ತಳ ಕಾಣುವಂತೆ ಕೆದಕಿದಳು. ಹಾಲ್‌ನಲ್ಲಿ ಅತ್ತೆಯ ಶವ ತಂಪುಪೆಟ್ಟಿಗೆಯಲ್ಲಿತ್ತು. ಇನ್ನೊಂದು ಗಂಟೆಗೆ ವ್ಯಾನ್ ಬರಲಿತ್ತು. ಅವಳು ಹುಡುಕುತ್ತಿದ್ದುದು ಒಂದು ಚೀಟಿ. ಕೇಕಿನ ಮೇಲೆ ಸುರಿಯುವ, ಮುಖ ಕಾಣುವಷ್ಟು ಹೊಳೆಯುವ ಕನ್ನಡಿ ಲೇಪಕ್ಕೆ ಅತ್ತೆ ತನಗೆ ಬರೆಸಿದ್ದು ಸುಳ್ಳು ಅಳತೆ, ನಿಜವಾದದ್ದು ಮನೆಯಲ್ಲೇ ಎಲ್ಲೋ ಇದೆ ಎಂಬುದು ಅವಳ ಆರು ವರ್ಷದ ಅನುಮಾನ. ಅದು ಇತ್ಯರ್ಥವಾಗದೆ ಅತ್ತೆಯನ್ನು ಕಳಿಸಿಕೊಡಲು ಮನಸ್ಸು ಒಪ್ಪುತ್ತಿರಲಿಲ್ಲ.

"ಏನ್ ಹುಡುಕ್ತಿದೀಯ?" ಗಂಡ ಬಾಗಿಲಲ್ಲಿ ನಿಂತು ಕೇಳಿದ.

"ಕತ್ತರಿ."

"ನಿನ್ನ ಕೈಲೇ ಇದೆಯಲ್ಲ."

ಅವನ ಹಿಂದೆ ಎದುರುಮನೆಯ ದರ್ಜಿ ಮೂಗು ಒರೆಸಿಕೊಳ್ಳುತ್ತಿದ್ದ. "ನನ್ನ ಮಗಳ ಹುಟ್ಟುಹಬ್ಬಕ್ಕೆ ಮಾಡಿಕೊಟ್ಟಿದ್ರು. ನನ್ನ ಹೆಂಡ್ತಿ ಆ ಕೇಕ್ ನೋಡ್ಕೊಂಡೇ ತಲೆ ಬಾಚಿಕೊಂಡ್ಲು. ನಿಮಗೆ ಎಲ್ಲಾ ಹೇಳಿಕೊಟ್ಟಿರ್ತಾರೆ ಬಿಡಿ."

"ಹೂಂ, ಎಲ್ಲಾ," ಎಂದಳು ಸೊಸೆ.

*

ಸಕ್ಕರೆ, ಗ್ಲೂಕೋಸ್ ಪಾಕ, ಜೆಲಟಿನ್, ಬಿಳಿ ಚಾಕೊಲೇಟ್. ಅತ್ತೆ ಒಂದು ಗ್ರಾಂ ಬಿಡದೆ ಬರೆಸಿದ್ದರು. ಲೇಪ ಮೂವತ್ತೆರಡು ಡಿಗ್ರಿಗೆ ಇಳಿದಾಗ, ಫ್ರೀಜರಿನಲ್ಲಿ ಕಲ್ಲಾದ ಕೇಕಿನ ಮೇಲೆ ಒಂದೇ ಸಲಕ್ಕೆ ಸುರಿಯಬೇಕು. ಅತ್ತೆ ಸುರಿದರೆ ಕನ್ನಡಿ. ಸೊಸೆ ಸುರಿದರೆ ಲೇಪವೆಲ್ಲ ತಟ್ಟೆಗೆ ಜಾರಿ, ಕೇಕು ಬರಿಮೈಯಲ್ಲಿ ನಿಲ್ಲುತ್ತಿತ್ತು. ಥರ್ಮಾಮೀಟರ್ ಬದಲಿಸಿದಳು. ಅತ್ತೆ ಮಾಡುವಾಗಲಂತೂ ಪಾತ್ರೆಯಿಂದ ಕಣ್ಣು ಕೀಳಲಿಲ್ಲ, ಯಾವಾಗ ಏನು ಬೆರೆಸಿಬಿಡುತ್ತಾರೋ ಎಂದು.

"ನಾನು ಮಾಡೋದೂ ಇದನ್ನೇ ಕಣೇ," ಎಂದಿದ್ದರು ಅತ್ತೆ ಒಮ್ಮೆ.

"ಹೌದಾ?" ಎಂದಿದ್ದಳು ಸೊಸೆ. ಅಂದಿನಿಂದ ಅತ್ತೆಯ ಕೇಕನ್ನು ಒಂದು ಚೂರೂ ಬಾಯಿಗಿಟ್ಟವಳಲ್ಲ.

*

ಅತ್ತೆಯ ತಂಗಿ ನೀರು ಕುಡಿಯಲು ಒಳಗೆ ಬಂದರು. ಸೊಸೆ ನೇರವಾಗಿ ಕೇಳಿಯೇಬಿಟ್ಟಳು. "ನಿಮಗಾದ್ರೂ ಆ ಲೇಪದ ಗುಟ್ಟು ಹೇಳಿದ್ರಾ?"

"ಯಾವ ಗುಟ್ಟು? ನನಗೆ ಮೊಟ್ಟೆ ಬೇಯಿಸೋಕೇ ಬರಲ್ಲ. ಪಕ್ಕದಲ್ಲಿ ಕೂತು ರೇಗಿಸ್ತಿದ್ದೆ ಅಷ್ಟೆ. ಸುರಿಯೋಕೆ ಮುಂಚೆ ಕೇಕನ್ನ ಅಂಗೈಲಿ ಸವರ್ತಿದ್ಲು, ಮಗು ಮೈ ಸವರೋ ಹಾಗೆ. ಅದಕ್ಕೇನು ಚಳಿನಾ ಅಂತ ಕೇಳಿದ್ರೆ, 'ನಾನೆಲ್ಲಿ ಸವರಿದೆ' ಅಂತ ನನ್ನನ್ನೇ ಕೇಳೋಳು."

ಫ್ರೀಜರಿನಿಂದ ತೆಗೆದ ಕೇಕಿನ ಮೇಲೆ ಬಿಳಿ ಮಂಜಿನ ಪುಡಿ ಕೂತಿರುತ್ತದೆ. ಅದನ್ನು ಒರೆಸದಿದ್ದರೆ ಲೇಪ ಹಿಡಿಯುವುದಾದರೂ ಹೇಗೆ? ಆರು ವರ್ಷ ಅವಳು ಪಾತ್ರೆ ಕಾದಿದ್ದಳು, ಅತ್ತೆಯ ಕೈ ನೋಡಿರಲಿಲ್ಲ.

"ನಿನಗೆ ಬರ್ಲಿಲ್ಲ ಅಂತ ಕೊರಗ್ತಿದ್ಲು. ಏನೋ ಹೇಳೋದು ಬಿಟ್ಟಿದೀನಿ, ಏನು ಅಂತ ಹೊಳೀತಿಲ್ಲ ಅಂತಿದ್ಲು."

ಅಭ್ಯಾಸಬಲದಿಂದ ಸೊಸೆ ಆ ಮಾತನ್ನೂ ಅನುಮಾನಿಸಿ ನೋಡಿದಳು. ಆಗಲಿಲ್ಲ. ನಾಚಿಕೆಯಾಗಿ, ಕೆದಕಿದ ಡ್ರಾಯರನ್ನು ಮುಚ್ಚಿದಳು.

ಹೊರಗೆ ವ್ಯಾನಿನ ಸದ್ದಾಯಿತು. ಡ್ರೈವರ್ ಪೆಟ್ಟಿಗೆಯ ಮುಚ್ಚಳ ತೆಗೆದ. ಅತ್ತೆಯ ಮುಖದ ಮೇಲೆಲ್ಲ ಸಣ್ಣ ಸಣ್ಣ ಹನಿಗಳಿದ್ದವು.

"ಒರೆಸು," ಎಂದು ಗಂಡ ಕರವಸ್ತ್ರ ಚಾಚಿದ.

ಅವಳು ತೆಗೆದುಕೊಳ್ಳಲಿಲ್ಲ. ಬರಿ ಅಂಗೈಯಿಂದ ಹಣೆ ಸವರಿದಳು. ಆಮೇಲೆ ಎರಡೂ ಕೆನ್ನೆ, ಗಲ್ಲ, ಕಿವಿಯ ಹಿಂದೆ. ಡ್ರೈವರ್ ಗಡಿಯಾರ ನೋಡಿಕೊಂಡ. ಅವಳು ಮತ್ತೆ ಹಣೆಯಿಂದ ಶುರುಮಾಡಿದಳು. ಸವರಿದಷ್ಟೂ ಆ ಮುಖದ ಮೇಲೆ ಹೊಸ ಹನಿ ಬೀಳುತ್ತಿತ್ತು.